ಜಪಾನಿ ಹಳಿಯ ನಡುವೆ ರಾಗಿ ಪೈರು

ಶ್ರೀರಾಂಪುರದ ನಮ್ಮ ಮನೆಯಲ್ಲಿ ಬೆಳಗಿನ ಬಿಸಿಲು ಬೀಳುವುದು ಒಂದೇ ಕಿಟಕಿಗೆ. ಅದರ ಕೆಳಗೆ ಊಟದ ಮೇಜಿದೆ. ಆ ಮೇಜಿನ ಅರ್ಧ ಭಾಗ ಎರಡು ವರ್ಷದಿಂದ ಜಪಾನಿನ ವಶದಲ್ಲಿದೆ.

ನನ್ನದು ಹಳೇ ಫರ್ನಿಚರ್ ವ್ಯಾಪಾರ. ಮನೆ ಖಾಲಿ ಮಾಡುವವರಿಂದ ಮಂಚ, ಬೀರು, ಕುರ್ಚಿಗಳನ್ನು ಒಟ್ಟಿಗೆ ಕೊಂಡು, ರಿಪೇರಿ ಮಾಡಿಸಿ ಬಿಡಿಬಿಡಿಯಾಗಿ ಮಾರುತ್ತೇನೆ. ಕೊಸರು ಕೇಳದೆ ನಾನು ಯಾವ ವ್ಯಾಪಾರದಿಂದಲೂ ಎದ್ದವನಲ್ಲ. ನೀವೂ ಕೇಳಿ, ನಾಚಿಕೆ ಬೇಡ. ಎರಡು ಗಂಟೆ ಚೌಕಾಸಿಯಾದ ಮೇಲೆ ನಮ್ಮನ್ನು ಸಾಗಹಾಕಿದರೆ ಸಾಕೆನಿಸಿರುತ್ತದೆ ಅವರಿಗೆ. ಕುಂಬಾರಕೊಪ್ಪಲಿನ ಒಬ್ಬರು ಹಾಗೆಯೇ ಬೇಸತ್ತು, ಬೀರುವಿನ ಜೊತೆಗೆ ಒಂದು ರಟ್ಟಿನ ಡಬ್ಬಿಯನ್ನೂ ಕೈಗಿಟ್ಟು ಕಳಿಸಿದರು. ಒಳಗೆ ಒಂದೇ ಬೋಗಿಯ, ಬೆರಳುದ್ದದ ಜಪಾನಿ ರೈಲು, ಒಂದಿಷ್ಟು ಬಾಗಿದ ಹಳಿಗಳು, ಕರೆಂಟಿಗೆ ಸಿಕ್ಕಿಸುವ ಒಂದು ಪೆಟ್ಟಿಗೆ.

ಮಾರಿಬಿಡೋಣ ಎಂದು ಬೆಲೆ ತಿಳಿಯಲು ಫೋನಿನಲ್ಲಿ ವಿಡಿಯೋ ನೋಡಿದೆ. ನಾನು ಕೆಟ್ಟದ್ದು ಅಲ್ಲಿಯೇ. ಜಪಾನಿನವರು ಪುಸ್ತಕದಷ್ಟು ಜಾಗದಲ್ಲಿ ಒಂದು ಊರನ್ನೇ ಕಟ್ಟುತ್ತಾರೆ. ಗುಡ್ಡ, ಸುರಂಗ, ಪುಟ್ಟ ಸ್ಟೇಷನ್ನು, ಅದರ ಮುಂದೊಂದು ಕೊಡೆ ಹಿಡಿದ ಅಜ್ಜಿ; ಸುತ್ತಲೂ ಒಂಟಿ ಬೋಗಿಯ ರೈಲು ತಿರುಗುತ್ತಲೇ ಇರುತ್ತದೆ. ಮೂರನೆಯ ದಿನಕ್ಕೆ ಮಾರುವ ಯೋಚನೆ ಬಿಟ್ಟೆ.

ಅವರು ಎಲ್ಲಕ್ಕೂ ಅಂಗಡಿಯಿಂದ ಸಾಮಾನು ತರುತ್ತಾರೆ. ನಾನು ತರಲಿಲ್ಲ. ಮಿಠಾಯಿ ಅಂಗಡಿಯವನಿಂದ ಮೈಸೂರು ಪಾಕ್ ಹರಡುವ ಹಳೇ ತಟ್ಟೆ ತಂದೆ. ಅಂಚು ಎತ್ತರವಿದ್ದದ್ದರಿಂದ ರೈಲು ಕೆಳಗೆ ಬೀಳುವ ಭಯವಿಲ್ಲ. ಟಿವಿ ಪೆಟ್ಟಿಗೆಯ ಥರ್ಮಾಕೋಲಿನಿಂದ ಗುಡ್ಡ, ಸುರಂಗ, ಮದುವೆ ಕರೆಯೋಲೆಯ ರಟ್ಟಿನಿಂದ ಸ್ಟೇಷನ್ನು, ಬೆಂಕಿಕಡ್ಡಿಯಿಂದ ಕೊಡೆ ಹಿಡಿದ ಅಜ್ಜಿ, ಪೊರಕೆ ಕಡ್ಡಿಗೆ ಗುಲಾಬಿ ಬಣ್ಣದ ಹತ್ತಿ ಅಂಟಿಸಿ ಚೆರ್ರಿ ಮರ. ದುಡ್ಡು ಕೊಟ್ಟು ಮರ ಕೊಳ್ಳುವವರನ್ನು ಕಂಡರೆ ನನಗೆ ಅಯ್ಯೋ ಎನಿಸುತ್ತದೆ.

ಈ ಸಲದ ದಸರಾ ಹಬ್ಬಕ್ಕೆ ಮುಂಚೆ ಒಂದು ದಿನ ಹೆಂಡತಿ ಸಾರಿನ ಪಾತ್ರೆ ಹಿಡಿದು ಮೇಜಿನ ಮುಂದೆ ನಿಂತಳು.

"ಅನ್ನ ಉಣ್ಣೋ ಜಾಗ ಕಣ್ರೀ ಇದು. ನಿಮ್ಮ ಜಪಾನ್ ತಗೊಂಡು ಅಟ್ಟಕ್ಕೆ ಹಾಕಿ."

"ಒಂದು ತಿಂಗಳು ಟೈಮ್ ಕೊಡು."

"ಈ ಸಾರು ಆರೋವರ್ಗೂ ಟೈಮು."

ನಾನು ವ್ಯಾಪಾರಿ. ಎದುರಿನವರಿಗೆ ಏನು ಬೇಕೆಂದು ಮೊದಲು ನೋಡುತ್ತೇನೆ. ಹಿಂದಿನ ವರ್ಷ ಎದುರು ಮನೆಯವರು ದಸರಾ ಗೊಂಬೆಗಳ ಮುಂದೆ ಕಾರಂಜಿ ಇಟ್ಟು ಬೀದಿಯ ಹೆಂಗಸರನ್ನೆಲ್ಲ ಸೆಳೆದುಬಿಟ್ಟಿದ್ದರು. ಅದು ಇವಳ ಹೊಟ್ಟೆಯಲ್ಲಿ ಇನ್ನೂ ಉರಿಯುತ್ತಿತ್ತು.

"ನಿನ್ನ ಗೊಂಬೆಗಳ ಕೆಳಗಿನ ಮೆಟ್ಟಿಲಿಗೆ ಇದನ್ನ ಇಡು. ಆರತಿ ಹೊತ್ತಿಗೆ ಓಡಿಸ್ತೀನಿ. ಕಾರಂಜಿ ಏನು ಮಹಾ!"

ಪಾತ್ರೆ ಕೆಳಗಿಟ್ಟಳು. "ಸರಿ. ಐದನೇ ದಿನ ಎಲ್ರನ್ನೂ ಕರೀತೀನಿ. ಆರತಿ ಹಾಡು ಶುರುವಾಗಿ ಮುಗಿಯೋವರ್ಗೂ ರೈಲು ನಿಲ್ಲಬಾರ್ದು. ಓಡಿದ್ರೆ ಅರ್ಧ ಮೇಜು ನಿಮ್ದು, ನಾನು ಮತ್ತೆ ಬಾಯಿ ಬಿಡಲ್ಲ. ನಿಂತ್ರೆ ಅಟ್ಟ. ಮಧ್ಯೆ ಬೆರಳು ಹಾಕೋ ಹಂಗಿಲ್ಲ."

ಅರ್ಧ ಹಾಡಿಗೆ ಇಳಿಸು ಎಂದು ಚೌಕಾಸಿ ಮಾಡಿ ನೋಡಿ, ಕೊನೆಗೆ ಒಪ್ಪಿದೆ. ಉಳಿದಿದ್ದ ಕೆಲಸ ಒಂದೇ, ಹಳಿಗಳ ನಡುವೆ ಜಲ್ಲಿ ಹರಡುವುದು. ಅದಕ್ಕೂ ಜಪಾನಿನಿಂದ ಪೊಟ್ಟಣ ತರಿಸುತ್ತಾರಂತೆ, ಕಲ್ಲಿನ ಪುಡಿಗೆ! ಅಡುಗೆಮನೆಯಲ್ಲಿ ರಾಗಿಯ ಡಬ್ಬಿ ಕಂಡಿತು. ಗುಂಡಗೆ, ಒಂದೇ ಸಮ, ಹೇಳಿ ಮಾಡಿಸಿದ ಜಲ್ಲಿ. ಅಳತೆ ಹಿಡಿದು ನೋಡಿದರೆ ಆ ರೈಲಿಗೆ ಒಂದೊಂದು ಕಾಳೂ ತೆಂಗಿನಕಾಯಿ ಗಾತ್ರ ಎನ್ನುವುದು ನಿಜ. ಅಷ್ಟು ಹತ್ತಿರದಿಂದ ಯಾರು ನೋಡುತ್ತಾರೆ? ಕಲ್ಲಿನ ಬಣ್ಣ ಬರಲೆಂದು ಹಂಡೆ ಒಲೆಯ ಬೂದಿ ಬೆರೆಸಿದೆ. ಗೋಂದಿಗೆ ಮುಕ್ಕಾಲು ಪಾಲು ನೀರು ಸೇರಿಸಿ ತೆಳ್ಳಗೆ ಸುರಿದೆ. ಹಬ್ಬದ ಮೊದಲ ದಿನ ಓಡಿಸಿದಾಗ ರೈಲು ಬೆಣ್ಣೆಯ ಮೇಲೆ ಜಾರಿದಂತೆ ಹೋಯಿತು. ಆಮೇಲೆ ಒದ್ದೆ ಕೈ ಸೋಕದಿರಲೆಂದು, ಮಾಲನ್ನು ಮುಚ್ಚಿಟ್ಟು ತೋರಿಸಿದರೆ ಗತ್ತು ಜಾಸ್ತಿಯೆಂದು, ತಟ್ಟೆಯ ಮೇಲೆ ಒಂದು ಪಂಚೆಯ ತುಂಡು ಹೊದಿಸಿದೆ.

ಗೊಂಬೆ ಕೂರಿಸುವ ಮನೆಗಳಲ್ಲಿ ಮೆಟ್ಟಿಲಿನ ಬುಡಕ್ಕೆ ಪಾರ್ಕು ಮಾಡುವ ವಾಡಿಕೆಯುಂಟು. ಮಣ್ಣಿಗೆ ರಾಗಿ ಚೆಲ್ಲಿ ದಿನಕ್ಕೆರಡು ಸಲ ನೀರು ಚಿಮುಕಿಸಿದರೆ ನಾಲ್ಕು ದಿನಕ್ಕೆ ಹಸಿರು ಹುಲ್ಲು. ನಾನು ಕೈ ಹಾಕಿದ್ದು ಆ ಪಾರ್ಕಿನ ರಾಗಿ ಡಬ್ಬಿಗೇ. ನನ್ನ ತಟ್ಟೆ ಇದ್ದದ್ದು ಅವಳ ಎರಡು ಪಾರ್ಕುಗಳ ಮಧ್ಯೆ. ಅವಳು ನೀರನ್ನು ಚಿಮುಕಿಸುವುದಿಲ್ಲ, ಎರಚುತ್ತಾಳೆ.

ಐದನೆಯ ದಿನ ಸಂಜೆ ನಡುಮನೆ ಜನರಿಂದ ತುಂಬಿತ್ತು. ಎದುರು ಮನೆಯವರು ಮುಂದಿನ ಸಾಲಿನಲ್ಲೇ ಕೂತಿದ್ದರು. ನಾನು ಗಂಟಲು ಸರಿಮಾಡಿಕೊಂಡು ತಟ್ಟೆಯ ಮೇಲಿನ ಪಂಚೆ ತುಂಡು ಎತ್ತಿದೆ.

ಹಳಿ ಕಾಣಲಿಲ್ಲ. ಸ್ಟೇಷನ್ನಿನಿಂದ ಸುರಂಗದವರೆಗೆ ತಿಳಿಹಸಿರು ಪೈರು ನೆಟ್ಟಗೆ ನಿಂತಿತ್ತು. ಕೊಡೆ ಹಿಡಿದ ಅಜ್ಜಿಯ ತಲೆಯ ಮೇಲಕ್ಕೂ ಬೆಳೆದಿತ್ತು.

"ಅಯ್ಯೋ, ಹೊಲದೊಳಗೆ ಸ್ಟೇಷನ್ನು! ಎಷ್ಟು ಚೆಂದ ಮಾಡವ್ರೆ ನೋಡ್ರೇ!" ಎಂದರು ಎದುರು ಮನೆಯವರು.

ಹಾಡು ಶುರುವಾಯಿತು. ಕರೆಂಟಿನ ಪೆಟ್ಟಿಗೆಯ ಗುಂಡಿ ತಿರುಗಿಸಿದೆ. ರೈಲು ಪೈರನ್ನು ಸೀಳಿಕೊಂಡು ಮುಕ್ಕಾಲು ಸುತ್ತು ಹೋಯಿತು. ಎರಡನೆಯ ನುಡಿಗೆ ಬರುವಷ್ಟರಲ್ಲಿ, ಮೊಳಕೆ ಮೇಲೆತ್ತಿದ್ದ ಹಳಿಯ ಜೋಡಣೆಯ ಹತ್ತಿರ ಗುರ್ರೆಂದು ನಿಂತಿತು. ನನ್ನ ಬೆರಳು ತಾನಾಗಿಯೇ ಮುಂದೆ ಹೋಯಿತು. ಆರತಿ ತಟ್ಟೆ ಹಿಡಿದಿದ್ದ ಹೆಂಡತಿ ಹಾಡು ನಿಲ್ಲಿಸದೆಯೇ ನನ್ನತ್ತ ಕಣ್ಣು ಬಿಟ್ಟಳು. ಬೆರಳು ವಾಪಸು ಬಂತು.

"ಕ್ರಾಸಿಂಗ್ ಇರ್ಬೇಕು ಬುಡಿ," ಎಂದರು ಮಹಡಿ ಮನೆಯ ಅಜ್ಜಿ, ನನ್ನ ಮುಖ ನೋಡಲಾರದೆ.

ಎಲ್ಲರೂ ಹೋದ ಮೇಲೆ ಹೆಂಡತಿ ತಟ್ಟೆಯ ಮೇಲೆ ಬಾಗಿ ಒಂದು ಎಳೆ ಕಿತ್ತು ನೋಡಿದಳು.

"ರಾಗಿ ಬೆಳೆಯೋರ ಮನೇಲಿ ಹುಟ್ಬುಟ್ಟು, ನೀರು ಬಿದ್ರೆ ಮೊಳೆಯುತ್ತೆ ಅನ್ನೋದು ಮರ್ತೋಯ್ತಾ? ಜೊತೆಗೆ ಬೂದಿ ಬೇರೆ! ನಿಮ್ಮಪ್ಪ ಬಿತ್ತನೆ ಬೀಜನ ಬೂದೀಲಿ ತಾನೆ ಇಡ್ತಿದ್ದಿದ್ದು?"

ಹೌದು, ಹಾಗೆಯೇ ಇಡುತ್ತಿದ್ದರು. ಬೂದಿ ಬೆರೆಸಿ ಬಿತ್ತಿ, ನೀರು ಕೊಡಿಸಿ, ಒದ್ದೆ ಬಟ್ಟೆ ಹೊದಿಸಿ ಮೊಳಕೆ ಕಟ್ಟಿದವನು ನಾನೇ. ನೀವು ಹಳಿಗೆ ರಾಗಿ ಹಾಕುವುದಾದರೆ ದಯವಿಟ್ಟು ಹುರಿದು ಹಾಕಿ.

ಮಾತು ಮಾತೇ. ಹಬ್ಬ ಮುಗಿದ ದಿನ ಏಣಿ ಹಾಕಿ, ಜಪಾನನ್ನು ಅಟ್ಟದಲ್ಲಿ ಹಳೇ ಸೂಟ್‌ಕೇಸಿನ ಪಕ್ಕ ಇಟ್ಟು ಬಂದೆ. ಅವತ್ತು ಊಟ ಸೇರಲಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ತಟ್ಟೆ ಮೇಜಿನ ಮೇಲೆ, ಕಿಟಕಿಯ ಬಿಸಿಲಿನಲ್ಲಿ ಕೂತಿದೆ.

"ಇದೇನೇ?"

"ರೈಲು ನಿಮ್ದು, ಪೈರು ನಂದು. ನನ್ನ ಡಬ್ಬಿ ರಾಗಿ ತಾನೆ? ಅಟ್ಟದ ಕತ್ಲಲ್ಲಿ ಒಣಗೋಗಲ್ವಾ? ಎದುರು ಮನೆಯೋರು ಅವರ ಅಕ್ಕನ್ನ ಕರ್ಕೊಂಡು ಬರ್ತಾರಂತೆ ನೋಡಕ್ಕೆ."

"ಎಷ್ಟು ದಿನ ಇರುತ್ತೆ ಇಲ್ಲಿ?"

"ಹಸಿರಾಗಿರೋವರ್ಗೂ. ಆಮೇಲೆ ಅಟ್ಟಾನೇ."

ಜೀವನದಲ್ಲಿ ಮೊದಲ ಸಲ, ಹೇಳಿದ ಷರತ್ತಿಗೆ ಚೌಕಾಸಿ ಮಾಡದೆ ತಲೆಯಾಡಿಸಿದೆ. ಅಂದಿನಿಂದ ನೀರು ಹಾಕುವ ಕೆಲಸ ನನ್ನದು. ಎಳೆಗಳನ್ನು ಕತ್ತರಿಯಿಂದ ಸವರಿ, ಹಳಿ ಒತ್ತಿ ಕೂರಿಸಿ, ರೈಲಿಗೆ ದಾರಿ ಮಾಡಿದ್ದೇನೆ.

ಮೊನ್ನೆ ಪೈರು ತುದಿಯಲ್ಲಿ ಹಳದಿಯಾಗತೊಡಗಿತು. ಅವಳು ತರಕಾರಿಗೆ ಹೋದದ್ದೇ ತಡ, ಮತ್ತೆ ಬಿತ್ತೋಣವೆಂದು ಒಂದು ಹಿಡಿ ರಾಗಿ ಕದಿಯಲು ಎದ್ದೆ. ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ ಡಬ್ಬಿ ಇರಲಿಲ್ಲ. ಹುಡುಕಿ ಸುಸ್ತಾಗಿ ವಾಪಸು ಬಂದರೆ, ಊಟದ ಮೇಜಿನ ಮೇಲೆ, ನನ್ನ ತಟ್ಟೆಯ ಪಕ್ಕದಲ್ಲೇ ಇತ್ತು. ಮುಚ್ಚಳವನ್ನೂ ತೆಗೆದಿಟ್ಟಿದ್ದಳು.