ಎಡಗಡೆಯದನ್ನು ಕಾದವರು

ಎಕ್ಸ್‌ರೇಯವರ ಹತ್ತು ಉಗುರುಗಳೂ ಕಂದುಬಣ್ಣಕ್ಕೆ ತಿರುಗಿದ್ದವು. ಫಿಲ್ಮ್ ತೊಳೆಯುವ ಔಷಧದ ಹುಳಿ ವಾಸನೆ ಅವರಿಗಿಂತ ಮೊದಲೇ ಬರುತ್ತಿತ್ತು. ಮೂಡಿಗೆರೆಯ ಸಣ್ಣ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವುದು ಅವರ ಕೆಲಸ. ಜನರ ಮುಖ ಅವರಿಗೆ ನೆನಪಿರುತ್ತಿರಲಿಲ್ಲ, ಒಳಗಿನದನ್ನು ಮಾತ್ರ ಮರೆಯುತ್ತಿರಲಿಲ್ಲ. ಸಂತೆಯಲ್ಲಿ ಎದುರಾದವರ ಪಕ್ಕೆಯನ್ನೇ ದಿಟ್ಟಿಸಿ, “ಬಲಗಡೆ ಕಲ್ಲು ಹೋಯ್ತಾ?” ಎನ್ನುವರು. ಕೇಳಿಸಿಕೊಂಡವರು ಕೊಳ್ಳುವುದನ್ನು ಅರ್ಧಕ್ಕೇ ಬಿಟ್ಟು ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದರು. ನನಗೂ ಅವರನ್ನು ಕಂಡರೆ ಆಗುತ್ತಿರಲಿಲ್ಲ.

ಎಂಬತ್ತರ ದಶಕದ ಆರಂಭ. ಬಾಳೂರಿನ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ನನಗೆ ಇಪ್ಪತ್ತನಾಲ್ಕಕ್ಕೇ ಬಿ.ಪಿ. ಏರಿ ಕಣ್ಣು ಮಂಜಾಗತೊಡಗಿತು. ಡಾಕ್ಟರು ಕಿಡ್ನಿಯ ಚಿತ್ರ ತೆಗೆಸಲು ಹೇಳಿದರು. ತೋಳಿಗೆ ಒಂದು ಔಷಧ ಚುಚ್ಚಿದರು, ಮೈಯೆಲ್ಲ ಬಿಸಿಯಾಯಿತು. ರಕ್ತದೊಡನೆ ಅದು ಕಿಡ್ನಿಗೆ ಇಳಿದರೆ ಫಿಲ್ಮಿನಲ್ಲಿ ಬೆಳ್ಳಗೆ ಕಾಣಬೇಕು. ಬಲಗಡೆಯದು ಕಂಡಿತು. ಎಡಗಡೆ ಏನೂ ಇರಲಿಲ್ಲ.

“ಸತ್ತುಹೋಗಿದೆ. ತೆಗೆಸಿಬಿಡೋದೇ ವಾಸಿ,” ಎಂದು ಡಾಕ್ಟರು ಊಟಕ್ಕೆ ಹೋದರು.

ಎಕ್ಸ್‌ರೇಯವರು ನನ್ನನ್ನು ಏಳಗೊಡಲಿಲ್ಲ. “ರಕ್ತ ಹೋಗೋ ದಾರಿ ಸಪೂರ ಆಗಿದ್ರೆ ತಡ ಆಗ್ತದೆ ಮಾರಾಯ್ರೆ. ಕಾಯುವ.”

ಗಂಟೆಯ ಮೇಲೆ ಕಾದು ಇನ್ನೊಂದು ಫಿಲ್ಮ್ ತೆಗೆದರು. ಕತ್ತಲೆಕೋಣೆಗೆ ನನ್ನನ್ನೂ ಕರೆದೊಯ್ದರು. ಕೆಂಪು ದೀಪದಡಿ ಅದನ್ನು ತಟ್ಟೆಯಲ್ಲಿ ಮುಳುಗಿಸಿ, ಬಾಗಿ, ನನ್ನ ಹೆಸರು ಹಿಡಿದು ಕರೆದರು. ಕರೆದದ್ದು ನನ್ನನ್ನಲ್ಲ, ತಟ್ಟೆಯಲ್ಲಿದ್ದುದನ್ನು.

“ಬಾ. ಹೆದರ್ಬೇಡ, ಬಾ.”

ಓಡಿಹೋಗಬೇಕೆನಿಸಿತು. ಫಿಲ್ಮ್ ಸುತ್ತಲೂ ಕಪ್ಪಾಗುತ್ತ ಬಂತು. ಎಡಗಡೆ, ಮೊದಲು ಏನೂ ಇರದಿದ್ದ ಜಾಗದಲ್ಲಿ, ಮುಷ್ಟಿಯಷ್ಟು ಮಸುಕೊಂದು ಕಪ್ಪಾಗದೆ ಉಳಿಯಿತು. ನನ್ನೊಳಗಿನದು ಅವರ ಕರೆಗೆ ಓಗೊಟ್ಟಿತ್ತು.

“ಜೀವ ಇದೆ. ತೆಗೆಸ್ಬೇಡಿ,” ಎಂದರು, ನನ್ನ ಮುಖ ನೋಡದೆಯೇ.

ಆ ಫಿಲ್ಮ್ ಹಿಡಿದು ಮಂಗಳೂರಿಗೆ ಹೋದೆ. ಅಲ್ಲಿ ತೊಡೆಯಿಂದ ನಳಿಕೆ ತೂರಿಸಿ ನೋಡಿದಾಗ ಎಡ ಕಿಡ್ನಿಯ ರಕ್ತನಾಳ ಒಂದು ಕಡೆ ಸಪೂರವಾಗಿದ್ದುದು ಕಂಡಿತು. ಆಪರೇಷನ್ ಮಾಡಿ ಸರಿಪಡಿಸಿದರು.

ಊರಿಗೆ ಮರಳಿದ ಮೇಲೂ ನಾಳೆ ನಾಡಿದ್ದು ಎನ್ನುತ್ತ ಮೂರು ತಿಂಗಳು ಕಳೆದು, ಬಣಕಲ್ಲಿನಲ್ಲಿದ್ದ ಎಕ್ಸ್‌ರೇಯವರ ಮನೆ ಹುಡುಕಿಕೊಂಡು ಹೋದೆ. ಅವರು ತೀರಿಕೊಂಡು ವಾರವಾಗಿತ್ತು. ಅವರ ಹೆಂಡತಿಗೆ ನನ್ನ ಹೆಸರು ಹೇಳಿದೆ, ಗುರುತು ಸಿಗಲಿಲ್ಲ. ಎಡ ಕಿಡ್ನಿಗೆ ಆಪರೇಷನ್ ಆದದ್ದು ಹೇಳಿದೆ.

“ಅಯ್ಯೋ, ಎಡಗಡೆಯೋರಾ ನೀವು? ಕೊನೇ ದಿನಾನೂ ಕೇಳ್ತಾ ಇದ್ರು, ಅದೇನಾಯ್ತೋ ಅಂತ.”

“ಉಳೀತಮ್ಮ,” ಎಂದೆ. ಒಂದು ವಾರ ಮುಂಚೆ ಬಾರದೆ ಹೋದ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆಕೆ ಒಳಗೆ ತಿರುಗಿ, ಹಾಸಿಗೆ ಸುತ್ತಿಟ್ಟ ಬರಿಯ ಮಂಚಕ್ಕೆ ಕೇಳುವಂತೆ ಸ್ವಲ್ಪ ಗಟ್ಟಿಯಾಗಿ ಹೇಳಿದರು: “ಉಳೀತಂತೆ ಕಣ್ರೀ.”