ಐದು ಪರದೆಯ ಅಂಗಡಿ

ಓಡೆಸ್ಸಾ ಟಾಲಿವರ್ ಅಮೆರಿಕದಲ್ಲಿ, ಡೆಟ್ರಾಯಿಟ್ ಪಕ್ಕದ ಸೌತ್‌ಫೀಲ್ಡಿನಲ್ಲಿ ನಮ್ಮ ಪಕ್ಕದ ಮನೆಯವಳು. ಕಾರು ನಿಲ್ಲಿಸುವ ಅವಳ ಡ್ರೈವ್‌ವೇಗೂ ನಮ್ಮದಕ್ಕೂ ನಡುವೆ ನಾಲ್ಕು ಮೊಳ ಹುಲ್ಲು, ಅಷ್ಟೇ. ನಮ್ಮ ಯಜಮಾನರು ಶೇಷಾದ್ರಿ ಡಿಯರ್‌ಬಾರ್ನ್‌ನಲ್ಲಿ ಇಂಜಿನಿಯರ್ ಆಗಿದ್ದವರು. ಅವಳ ಗಂಡ ಹರ್ಷೆಲ್ ಕಾರು ಜೋಡಿಸುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ನಿಂತು ದುಡಿದವನು. ಇಪ್ಪತ್ತು ವರ್ಷ ಎರಡು ಮನೆಯವರೂ ಹಿಮ ಎತ್ತುವಾಗ ಕೈ ಬೀಸಿದ್ದು ಬಿಟ್ಟರೆ ಹೆಚ್ಚು ಮಾತಾಡಿದವರಲ್ಲ. ನಮ್ಮವರು ತೀರಿಕೊಂಡ ವಾರ ಅವಳು ಗೆಣಸಿನ ಪೈ ಹಿಡಿದುಕೊಂಡು ಬಂದು, ನನ್ನ ಅಡುಗೆಮನೆಯಲ್ಲಿ ಮಾತಿಲ್ಲದೆ ಒಂದು ತಾಸು ಕೂತಳು. ಮುಂದಿನ ವರ್ಷ ಹರ್ಷೆಲ್ ಹೋದ. ನಾನೂ ಹೋಗಿ ಹಾಗೆಯೇ ಕೂತೆ. ನನ್ನ ಓದು ನಂಜನಗೂಡಿನಲ್ಲಿ ನಾಲ್ಕನೇ ಕ್ಲಾಸಿಗೆ ನಿಂತದ್ದು, ಇಂಗ್ಲಿಷು ಟಿವಿ ನೋಡಿ ಕಲಿತದ್ದು. ಆದರೂ ಅವಳು ಆಡಿದ್ದೆಲ್ಲ ನನಗೆ ಕನ್ನಡದಲ್ಲೇ ನೆನಪಿದೆ.

ಡೆಟ್ರಾಯಿಟಿನಲ್ಲಿ ಅವಳದೊಂದು ಜಾಗವಿತ್ತು. ಮೊದಲು ಚಪ್ಪಲಿ ಅಂಗಡಿಯಾಗಿದ್ದ ಉದ್ದನೆಯ ಹಾಲ್. ಅದರಲ್ಲಿ ಪರದೆ ಇಳಿಬಿಟ್ಟು ಐದು ಭಾಗ ಮಾಡಿದ್ದಳು. ಸ್ವಂತ ಕಸುಬು ಹೂಡಬೇಕೆನ್ನುವ ಕಪ್ಪು ಜನ ಅಲ್ಲಿ ಆರು ತಿಂಗಳು ಬಾಡಿಗೆಯಿಲ್ಲದೆ ಕೂತು ವ್ಯಾಪಾರ ಮಾಡಬಹುದು, ಕಾಲೂರಿದ ಮೇಲೆ ಬೇರೆ ಜಾಗ ಹುಡುಕಿಕೊಂಡು ಹೋಗಬೇಕು. ಅವಳದೊಂದು ಕಟ್ಟಳೆ. ಹೊಸದಾಗಿ ಬಂದವರು ಮೊದಲ ವಾರ ತಮ್ಮದನ್ನು ಮಾರುವಂತಿಲ್ಲ, ಪಕ್ಕದ ಪರದೆಯವರದನ್ನು ಮಾರಿಕೊಡಬೇಕು.

“ಬೇರೆಯವರ ಪೈ ಹೊಗಳಕ್ಕೆ ಬಾಯಿ ಬರದೋನು ತನ್ನ ಮಷೀನು ಏನು ಮಾರ್ತಾನೆ?” ಎನ್ನುತ್ತಿದ್ದಳು.

ಬ್ಯಾಂಕಿನ ಮಾತು ಬಂದರೆ ನಗುತ್ತಿದ್ದಳು. “ಬ್ಯಾಂಕಿನೋರು ನಮ್ಮ ಜನಕ್ಕೆ ಕಾಫಿ ಕೊಡ್ತಾರೆ ಶಾರದ. ಸಾಲ ಕೇಳಿದ್ರೆ ಇನ್ನೊಂದು ಕಪ್ ಕಾಫಿ ಕೊಡ್ತಾರೆ.”

ಅದನ್ನು ಲಾಭಕ್ಕಲ್ಲದ ಸಂಸ್ಥೆಯೆಂದು ಸರ್ಕಾರದಲ್ಲಿ ನೋಂದಾಯಿಸಿದ್ದವನು ಹರ್ಷೆಲ್. ಖಜಾಂಚಿ ಅವನೇ. ಸಂಸ್ಥೆಯ ಕಾಗದವೆಲ್ಲ ಮನೆಗೆ, ಅವನ ಹೆಸರಿಗೇ ಬರುತ್ತಿತ್ತು.

ಅವನು ತೀರಿಕೊಂಡ ವರ್ಷದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅವಳು ಅಂಚೆಪೆಟ್ಟಿಗೆಯ ಹತ್ತಿರ ಲಕೋಟೆ ಹಿಡಿದುಕೊಂಡು ನಿಂತಿದ್ದಳು. “ಇದನ್ನೇನು ಮಾಡ್ಲಿ? ನಾನು ಒಡೆದ್ರೆ ಅವನಿಲ್ಲ ಅಂತ ಇನ್ನೊಂದ್ಸಲ ಹೇಳ್ದಂಗಾಗುತ್ತೆ” ಎಂದಳು.

ನಾನು ಅವಳನ್ನು ಒಳಗೆ ಕರೆದುಕೊಂಡು ಹೋಗಿ ನಮ್ಮವರ ಬ್ರೀಫ್‌ಕೇಸ್ ತೆಗೆದು ತೋರಿಸಿದೆ. ಅವರ ಹೆಸರಿಗೆ ಬಂದ ಒಂದು ಕಾಗದವನ್ನೂ ನಾನು ಒಡೆಯಗೊಟ್ಟಿರಲಿಲ್ಲ, ಬಂದಂತೆಯೇ ಜೋಡಿಸಿಟ್ಟಿದ್ದೆ. “ಒಡೀಬೇಡ. ಹೆಸರಿಗೆ ಕಾಗದ ಬರೋವರೆಗೂ ಮನುಷ್ಯ ಮನೇಲಿರ್ತಾನೆ” ಎಂದೆ. ನನಗೆ ಬಂದ ಅಷ್ಟಿಷ್ಟು ಇಂಗ್ಲಿಷಿನಲ್ಲಿ ಹೇಳಿದ್ದು, ಅವಳಿಗೆ ಪೂರಾ ಅರ್ಥವಾಯಿತು. ಕಣ್ಣೊರೆಸಿಕೊಂಡು ಮನೆಗೆ ಹೋದಳು. ನನ್ನ ಮನೆಯಲ್ಲಿ ಇದರಿಂದ ಏನೂ ಕೆಡಲಿಲ್ಲ, ಬಿಲ್ಲುಗಳನ್ನೆಲ್ಲ ಮಗಳು ದೀಪ್ತಿ ಕಂಪ್ಯೂಟರಿನಲ್ಲೇ ನೋಡಿಕೊಳ್ಳುತ್ತಿದ್ದಳು. ಓಡೆಸ್ಸಾಳಿಗೆ ದೀಪ್ತಿ ಇರಲಿಲ್ಲ. ಅದು ನನಗೆ ಹೊಳೆಯಲಿಲ್ಲ.

ಆಮೇಲೆ ಕೆಟ್ಟ ವರ್ಷಗಳು ಬಂದವು. ಕಾರ್ಖಾನೆಗಳು ಸಾವಿರಗಟ್ಟಲೆ ಜನರನ್ನು ಮನೆಗೆ ಕಳಿಸಿದವು. ನಮ್ಮ ಬೀದಿಯಲ್ಲೇ ಒಂಬತ್ತು ಮನೆ ಖಾಲಿ. ಓಡೆಸ್ಸಾಳ ಅಂಗಡಿಯ ಮುಂದೆ ಮಾತ್ರ ಜನವೋ ಜನ. ಶನಿವಾರ ನಾನೂ ಹೋಗಿ ಪರದೆಗಳಿಗೆ, ಅವರಿವರ ಬಟ್ಟೆಗಳಿಗೆ ಹೊಲಿಗೆ ಹಾಕಿಕೊಡುತ್ತಿದ್ದೆ. ಕಾರ್ನೆಲ್ ಎಂಬ ಆಸಾಮಿ, ಇಪ್ಪತ್ತೆರಡು ವರ್ಷ ಕಾರಿಗೆ ಬಾಗಿಲು ಕೂರಿಸಿದವನು, ಕೆಲಸ ಹೋಗಿ ಹುಲ್ಲು ಕತ್ತರಿಸುವ ಮಷೀನು ರಿಪೇರಿಗೆ ಕೂತ. ಮೊದಲ ವಾರ ಅವನು ಹೆಂಗಸರ ಟೋಪಿ ಮಾರಬೇಕಾಯಿತು. ತಾನೇ ಒಂದನ್ನು ತಲೆಗಿಟ್ಟುಕೊಂಡು, “ಮೇಡಂ, ನನಗೇ ಇಷ್ಟು ಚೆನ್ನಾಗಿ ಕಾಣುತ್ತೆ ಅಂದ್ರೆ ನಿಮಗೆ ಹೆಂಗೆ ಕಾಣಬೇಡ!” ಎಂದು ಒಂದೇ ದಿನದಲ್ಲಿ ಏಳು ಮಾರಿದ.

೨೦೧೧ರ ವಸಂತದಲ್ಲಿ ಕಟ್ಟಡದ ಮಾಲೀಕ, ಬಾಡಿಗೆಗೆ ಗಟ್ಟಿ ಭರವಸೆ ತೋರಿಸದಿದ್ದರೆ ಜುಲೈಗೆ ಮಾರಿಬಿಡುತ್ತೇನೆಂದ. ಅದೇ ಹೊತ್ತಿಗೆ, ಕಪ್ಪು ಜನರ ಸಣ್ಣ ಕಸುಬುಗಳಿಗೆ ಆಸರೆಯಾದ ಸಂಸ್ಥೆಗಳಿಗೆ ಸರ್ಕಾರದ ಅನುದಾನ ಇದೆಯೆಂದು ತಿಳಿಯಿತು. ಸಿಕ್ಕರೆ ಮೂರು ವರ್ಷ ನಿಶ್ಚಿಂತೆ. ಸಿಗದಿದ್ದರೆ ಐದು ಪರದೆಯನ್ನೂ ಬಿಚ್ಚಬೇಕು. ಜೂನ್ ತಿಂಗಳ ಒಂದು ಶನಿವಾರ ಮಧ್ಯಾಹ್ನ ದೀಪ್ತಿ ನಮ್ಮ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಅರ್ಜಿ ತುಂಬಲು ಕೂತಳು. ಎಷ್ಟು ವರ್ಷದಿಂದ ನಡೀತಿದೆ, ಎಷ್ಟು ಜನಕ್ಕೆ ಸಹಾಯವಾಗಿದೆ, ಎಲ್ಲಕ್ಕೂ ಓಡೆಸ್ಸಾ ಪಟಪಟ ಉತ್ತರ ಕೊಟ್ಟಳು. ಆಮೇಲೆ ದೀಪ್ತಿಯ ಕೈ ನಿಂತಿತು.

“ಅಮ್ಮ, ಇವರ ಸಂಸ್ಥೆ ಲಿಸ್ಟಲ್ಲೇ ಇಲ್ಲ. ತೆರಿಗೆ ವಿನಾಯಿತಿ ಕ್ಯಾನ್ಸಲ್ ಆಗಿದೆ. ಅದಿಲ್ದೆ ಅಪ್ಲೈ ಮಾಡೋ ಹಾಗೇ ಇಲ್ಲ.”

ಮೊದಲು ಇಂಥ ಸಣ್ಣ ಸಂಸ್ಥೆಗಳು ವರ್ಷ ವರ್ಷ ಏನೂ ಬರೆದುಕೊಡಬೇಕಾಗಿರಲಿಲ್ಲ. ಈಚೆಗೆ ಕಾನೂನು ಬದಲಾಗಿ, ವರ್ಷಕ್ಕೊಮ್ಮೆ ಕಂಪ್ಯೂಟರಿನಲ್ಲಿ ನಾಲ್ಕು ಸಾಲು ತುಂಬಬೇಕಂತೆ. ಮೂರು ವರ್ಷ ತುಂಬದಿದ್ದರೆ ಹೆಸರು ತಾನಾಗಿಯೇ ಹೋಗುತ್ತದಂತೆ.

“ಆಂಟಿ, ನಿಮಗೆ ನೋಟೀಸ್ ಏನೂ ಬರಲಿಲ್ವಾ?”

ಓಡೆಸ್ಸಾ ಎದ್ದು ಮನೆಗೆ ಹೋದಳು. ಹರ್ಷೆಲ್‌ನ ಟೋಪಿ ಇಡುವ ಗುಂಡು ಡಬ್ಬಿ ತಂದು ಮೇಜಿನ ಮೇಲಿಟ್ಟಳು. ಅದರ ತುಂಬ ಲಕೋಟೆ. ದೀಪ್ತಿ ಒಂದನ್ನು ಹರಿಯಹೋದಾಗ, “ನಿಧಾನ ಮಗು” ಎಂದಳು, ಲಕೋಟೆಗೇ ನೋವಾದೀತು ಎನ್ನುವಂತೆ. ಹೊಸ ಕಾನೂನು ತಿಳಿಸುವ ಕಾಗದ ಅದರಲ್ಲಿತ್ತು. ಎಚ್ಚರಿಕೆಯದಿತ್ತು. ರದ್ದಾಯಿತೆನ್ನುವುದು ಎಲ್ಲಕ್ಕಿಂತ ಮೇಲೆಯೇ ಇತ್ತು.

“ಯಾಕೆ ಓಪನ್ ಮಾಡ್ಲಿಲ್ಲ ಆಂಟಿ?”

ಓಡೆಸ್ಸಾ ನನ್ನ ಕಡೆ ನೋಡಲೇ ಇಲ್ಲ. “ನನಗೆ ಧೈರ್ಯ ಬರ್ಲಿಲ್ಲ” ಎಂದಳು.

ನಾನು ಹೇಳಬೇಕಿತ್ತು. ಮಗಳ ಮುಂದೆ ಬಾಯಿ ಬರಲಿಲ್ಲ. ಎದ್ದು ಹೋಗಿ ಕಾಫಿಗೆ ನೀರಿಟ್ಟೆ.

ಸೋಮವಾರ ದೀಪ್ತಿ ತೆರಿಗೆ ಇಲಾಖೆಗೆ ಫೋನು ಹಚ್ಚಿದಳು. ಆ ಕಡೆಯ ಹೆಂಗಸು ಪಾಪ ಮರುಗಿದಳಂತೆ. ಹೊಸದಾಗಿ ಅರ್ಜಿ ಹಾಕಬಹುದು, ವಿನಾಯಿತಿ ಮತ್ತೆ ಬರಲು ವರ್ಷವೂ ಆಗಬಹುದು. ಅನುದಾನದ ಕೊನೆಯ ದಿನಕ್ಕೆ ಉಳಿದಿದ್ದದ್ದು ಹನ್ನೊಂದು ದಿನ.

ಪರದೆಯವರನ್ನೆಲ್ಲ ಕೂರಿಸಿಕೊಂಡು ಓಡೆಸ್ಸಾ ವಿಷಯ ಹೇಳಿದಳು. ಕಾರ್ನೆಲ್‌ಗೆ ಇನ್ನೂ ನಾಲ್ಕು ತಿಂಗಳು ಇತ್ತು, ಗಿರಾಕಿಗಳು ಈಗಷ್ಟೇ ಹುಡುಕಿಕೊಂಡು ಬರತೊಡಗಿದ್ದರು. ಅವನು ಎದ್ದು ನಿಂತ.

“ಕಾಗದ ಸರಿಯಾಗಿಟ್ಕೊಳ್ಳಿ, ಕಾಗದ ಸರಿಯಾಗಿಟ್ಕೊಳ್ಳಿ ಅಂತ ನಮ್ಮ ತಲೆ ತಿಂದೋರು ಯಾರು, ಮಿಸ್ ಓಡೆಸ್ಸಾ? ನೀವೇ ಅಲ್ವಾ?”

ಅವಳು ತಲೆ ತಗ್ಗಿಸಿದಳು. ಅವಳು ತಲೆ ತಗ್ಗಿಸಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ತಡೆಯಲಾರದೆ ಎದ್ದು, ಒಡೆಯಬೇಡವೆಂದು ಹೇಳಿದವಳು ನಾನೆಂದು ನನ್ನ ಹರಕು ಇಂಗ್ಲಿಷಿನಲ್ಲಿ ಹೇಳತೊಡಗಿದೆ. ಅಳು ಬಂದು ಮಾತು ಅರ್ಧಕ್ಕೇ ನಿಂತಿತು.

“ಮೇಡಂ ಏನಂತಾರೆ?” ಎಂದ ಕಾರ್ನೆಲ್.

“ಏನಿಲ್ಲ. ಮನೆಗೆ ಹೋಗೋ ಹೊತ್ತಾಯ್ತು ಅಂತಿದಾಳೆ” ಎಂದಳು ಓಡೆಸ್ಸಾ.

ಕಾರಿನಲ್ಲಿ ನಾನು ಕೇಳಿದೆ, “ಯಾಕೆ ಹಾಗಂದೆ?”

“ನೀನು ಹೇಳಿದ್ದಕ್ಕೆ ನಾನು ಒಡೀಲಿಲ್ಲ ಅಂದ್ಕೊಂಡಿದೀಯ? ನನಗೆ ಯಾರಾದ್ರೂ ಹಾಗೆ ಹೇಳ್ಲಿ ಅಂತ ಕಾಯ್ತಿದ್ದೆ.” ನಮ್ಮ ಬೀದಿಗೆ ಕಾರು ತಿರುಗಿಸಿದಳು. ಆಮೇಲೆ, “ಆದ್ರೆ ಆ ಕಾರ್ನೆಲ್ ಎಲ್ಲಿಗೆ ಹೋಗ್ತಾನೆ ಶಾರದ?” ಎಂದಳು.

ಪರದೆ ಬಿಚ್ಚಿ ಅಂಗಡಿ ಮುಚ್ಚಿದ್ದು ಜೂನ್ ಕೊನೆಯಲ್ಲಿ. ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಕಾರ್ನೆಲ್‌ನ ಟ್ರಕ್ಕು ಓಡೆಸ್ಸಾಳ ಮನೆಯ ಮುಂದೆ ಬಂದು ನಿಂತಿತು. ಹಿಂದೆ ಹಾಸಿಗೆ, ಕುರ್ಚಿ, ಮಕ್ಕಳ ಸೈಕಲ್ಲು ಕಟ್ಟಿತ್ತು. ಟೆಕ್ಸಾಸಿನಲ್ಲಿ ಭಾವಮೈದುನ ಗೋದಾಮಿನಲ್ಲಿ ಕೆಲಸ ನೋಡಿದ್ದಾನೆಂದು ಹೊರಗೆ ನಿಂತಿದ್ದ ನನಗೆ ಹೇಳಿ, ಹೋಗಿ ಅವಳ ಬೆಲ್ ಒತ್ತಿದ. ಕಾದ. ಮತ್ತೆ ಒತ್ತಿದ.

“ಅವತ್ತು ಬಾಯಿಗೆ ಬಂದಂಗೆ ಅಂದ್ಬಿಟ್ಟೆ. ಹೇಳಿ ಹೋಗೋಣ ಅಂತ ಬಂದೆ, ಮೇಡಂ. ಅವರಿಗೆ ಹೇಳ್ತೀರಾ?”

ಹೇಳುತ್ತೇನೆಂದೆ. ಓಡೆಸ್ಸಾ ಒಳಗೇ ಇದ್ದಾಳೆಂದು ಅವನಿಗೂ ಗೊತ್ತು, ಕಾರು ಅಲ್ಲೇ ನಿಂತಿತ್ತು. ಟ್ರಕ್ಕು ತಿರುವು ದಾಟಿದ ಮೇಲೆ ನಾನು ಹೋಗಿ ಬಾಗಿಲು ಬಡಿದೆ. ಅವಳು ಬಾಗಿಲಿಗೆ ಆತುಕೊಂಡೇ ನಿಂತಿದ್ದಳೆಂದು ಕಾಣುತ್ತದೆ, ತಕ್ಷಣ ತೆಗೆದಳು.

“ಹೋದ್ನಾ?”

“ಹೋದ.”

“ಮಕ್ಕಳೂ ಇದ್ರಾ?”

“ಇದ್ರು.”

ಅವನು ಹೇಳಿದ್ದನ್ನು ಹೇಳಿದೆ. ಅವಳು ಕೇಳಿದಳೋ ಇಲ್ಲವೋ ತಿಳಿಯದು. ಅಲ್ಲೇ ಹೊಸ್ತಿಲ ಮೇಲೆ ಕೂತಳು. ನಾನೂ ಕೂತೆ.