ಹೊಲ ಮಾರದ ಹೀರೋ

ಬೇಕಾದ್ರ ನಂಬಬ್ಯಾಡ್ರಿ, ಕಂಪನಿ ನಾಟಕದಾಗ ಬೆಳೆದು ಸಿನಿಮಾದಾಗ ಹೆಸರು ಮಾಡಿದ ಗದಗಿನ ನಟಿ ನಮ್ಮ ಕಳಸಾಪುರದ ನಾಟಕದಾಗ ನನ್ನ ಹೆಂಡತಿ ಪಾತ್ರ ಮಾಡಿದರು. ಹೀರೋ ನಾನೇ. ಊರಾಗ ನನ್ನಂಥ ದನಿ ಮತ್ಯಾರಿಗೈತಿ?

"ತಮ್ಮಾ, ಮಾತು ಬಾಯಿಪಾಠ ಆಗ್ಯಾವೇನು?" ಅಂತ ಪರದೆ ಸರಿಯೋಕಿಂತ ಮೊದಲು ಅವರು ಕೇಳಿದರು.

"ನಿಮ್ಮವೂ ಆಗ್ಯಾವರಿ ಅಕ್ಕಾರ," ಅಂದೆ. ನಾಟಕ ಕಲಿಸಿ, ಪರದೆ ಹಿಂದಿನಿಂದ ಮಾತು ಎತ್ತಿಕೊಡೋ ಮಾಸ್ತರರನ್ನೂ ಮಂದಿ ನಡುವೆ ಕುಂಡ್ರಿಸಿಬಿಟ್ಟೆ.

ಪರದೆ ಸರಿಯಿತು. ಎದುರಿಗೆ ಇಡೀ ಊರು. ಒಂದು ಮಾತೂ ನೆನಪಾಗಲಿಲ್ಲ. ಮಾನ ಹೋತು ಅಂತಿದ್ದಂಗ ಅಕ್ಕಾರು ಸೆರಗು ಸಿಗಿಸಿ ಮುಂದೆ ಬಂದರು.

"ನನಗ ಗೊತ್ತೈತಿರಿ, ಹೊಲ ಮಾರಂಗಿಲ್ಲ ಅಂತೀರಿ. ನಮ್ಮಪ್ಪನ ಮ್ಯಾಲೆ ಸಿಟ್ಟು ಅಂತೀರಿ," ಅಂತ ನನ್ನ ಮಾತನ್ನೆಲ್ಲಾ ತಾವೇ ಆಡಿದರು. ನಾನು ಗತ್ತಿನಿಂದ ಗೋಣು ಹಾಕಿದೆ. ಸೀಟಿ ಬಿದ್ದವು.

"ಗೋಣು ಭಾಳ ಚೊಲೋ ಹಾಕ್ತೀ ತಮ್ಮಾ," ಅಂತ ನಾಟಕ ಮುಗಿದ ಮ್ಯಾಲೆ ಅಂದು ಅಕ್ಕಾರು ಕಾರು ಹತ್ತಿದರು. ಮಾಸ್ತರರು ಅದನ್ನ ಕೇಳಿಸಿಕೊಂಡಿದ್ದರು. ಮುಂದಿನ ನಾಟಕದಾಗ ನನಗ ಮೂಕನ ಪಾತ್ರ ಕೊಟ್ಟರು.